ಅಮ್ಮಚ್ಚಿ ಗೀಟು ಹಾಕಿದ ಪುಟ

ನಮ್ಮ ಕಡೆ ಅಡಿಕೆ ಚೇಣಿ, ಅಂದರೆ ಫಸಲಿನ ಗುತ್ತಿಗೆ, ನಡೆಯುವುದು ಬಾಯಿಮಾತಿನ ಮೇಲೆ. ಚೇಣಿದಾರ ಬಂದು, ಮರ ನೋಡಿ, ಎಲೆಯಡಿಕೆ ಹಾಕಿಕೊಂಡು ‘ಆಯ್ತು’ ಅಂದರೆ ಆಯ್ತು. ಆದರೆ ಧಾರಣೆ ಬಿದ್ದ ವರ್ಷ ಆ ‘ಆಯ್ತು’ ಕರಗಿಹೋದದ್ದನ್ನೂ ನೋಡಿದ್ದೇನೆ. ಅವನನ್ನು ಬೈಯಲಾರೆ, ಅವನ ಕೈಯೂ ಖಾಲಿಯಾಗಿತ್ತು. ಧಾರಣೆ ಬಿದ್ದರೂ ಬೀಳದ ಮಾತು ಒಂದಿದೆ, ಅದು ದೇವರದ್ದು ಎಂಬುದು ನಮ್ಮ ಕ್ರೈಸ್ತರ ನಂಬಿಕೆ.

ಕನ್ನಡ ಬೈಬಲ್‌ನಲ್ಲಿ ಅದಕ್ಕೆ ‘ವಾಗ್ದಾನ’ ಎನ್ನುತ್ತಾರೆ. ಎಷ್ಟು ಒಳ್ಳೆಯ ಪದ! ದಾನ ಕೊಟ್ಟದ್ದನ್ನು ಯಾರಾದರೂ ವಾಪಸ್ ಕೇಳುತ್ತಾರೆಯೇ? ಪ್ರಾರ್ಥನೆಯ ಕೊನೆಗೆ ಹೇಳುವ ‘ಆಮೆನ್’ ಕೂಡ ಹೀಬ್ರೂ ಭಾಷೆಯಲ್ಲಿ ಗಟ್ಟಿ, ಸ್ಥಿರ ಎಂಬ ಅರ್ಥದ ಧಾತುವಿನಿಂದ ಬಂದದ್ದು.

ನನ್ನ ಅಜ್ಜ-ಅಜ್ಜಿ, ಅಂದರೆ ಅಪ್ಪಚ್ಚನ್ ಮತ್ತು ಅಮ್ಮಚ್ಚಿ, ಅರವತ್ತರ ದಶಕದಲ್ಲಿ ಕೇರಳದ ಮೂವಾಟ್ಟುಪುಳ ಕಡೆಯಿಂದ ನರಸಿಂಹರಾಜಪುರಕ್ಕೆ ಬಂದವರು. ಹಾಗೆ ಬಂದ ಸಿರಿಯನ್ ಕ್ರೈಸ್ತ ಕುಟುಂಬಗಳು ಇಲ್ಲಿ ಬಹಳ. 2007ರಲ್ಲಿ ಸಿರೋ-ಮಲಬಾರ್ ಸಭೆಯ ಭದ್ರಾವತಿ ಧರ್ಮಪ್ರಾಂತ್ಯ ಆದಾಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳೂ ಅದಕ್ಕೆ ಸೇರಿದವು.

ನನಗೆ ಹದಿನೇಳು ವರ್ಷವಿದ್ದಾಗ ಕೊಪ್ಪದ ಹತ್ತಿರದ ನಮ್ಮ ತೋಟಕ್ಕೆ ಹಳದಿ ಎಲೆ ರೋಗ ಬಂತು. ಸೋಗೆಯ ತುದಿಯಿಂದ ಹಳದಿ ಇಳಿಯುತ್ತದೆ. ಕಾಯಿ ಒಡೆದರೆ ಒಳಗೆ ಕಪ್ಪಗೆ, ಮೆತ್ತಗೆ. ಇದಕ್ಕೆ ಮದ್ದಿಲ್ಲ. 1914ರಲ್ಲೇ ಮೂವಾಟ್ಟುಪುಳ ಸೀಮೆಯಲ್ಲಿ ಕಾಣಿಸಿಕೊಂಡ ರೋಗವಿದು. ಅಪ್ಪಚ್ಚನ್ ಬಿಟ್ಟುಬಂದ ಊರಿನದ್ದೇ.

‘ದೇವರು ಕೊಟ್ಟ ಮಾತು ಎಲ್ಲಿ ಹೋಯ್ತು ಅಮ್ಮಚ್ಚಿ?’ ಅಂತ ಕೇಳಿದ್ದೆ, ಅಳುತ್ತಾ.

ಅವರು ಸಮಾಧಾನದ ವಾಕ್ಯ ಯಾವುದನ್ನೂ ಹುಡುಕಲಿಲ್ಲ. ತಮ್ಮ ಮಲಯಾಳಂ ಬೈಬಲ್ ತೆರೆದು, ಪೆನ್ಸಿಲ್ ಗೀಟು ಹಾಕಿದ್ದ ಪುಟ ತೋರಿಸಿದರು. ಆದಿಕಾಂಡದ 23ನೇ ಅಧ್ಯಾಯ. ‘ನಿನ್ನ ಕನ್ನಡದ್ದರಲ್ಲಿ ಓದು ಮೋಳೆ, ಮಗಳೇ. ಅಬ್ರಹಾಮನ ಕೈಗೆ ಸಿಕ್ಕಿದ ಭೂಮಿ ಎಷ್ಟು, ನೋಡು.’

ಓದಿದೆ. ದೇವರ ಮಾತು ನಂಬಿ ಅಬ್ರಹಾಮ ಹಾರಾನ್ ಬಿಟ್ಟಾಗ ಅವನಿಗೆ 75 ವರ್ಷ. ಮಗ ಇಸಾಕ ಹುಟ್ಟಿದಾಗ 100. ಇಪ್ಪತ್ತೈದು ವರ್ಷ ಕಾದ ಮೇಲೆ ಒಂದು ಮಾತು ಕೈಗೂಡಿತು. ಇಡೀ ದೇಶವನ್ನೇ ಕೊಡುತ್ತೇನೆಂಬ ಇನ್ನೊಂದು ಮಾತು? ಹೆಂಡತಿ ಸಾರಾ 127ನೇ ವಯಸ್ಸಿನಲ್ಲಿ ತೀರಿಕೊಂಡಾಗ ಹೂಳಲು ಜಾಗವಿಲ್ಲದೆ, 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಮಕ್ಪೇಲದ ಹೊಲವನ್ನೂ ಅದರ ಗವಿಯನ್ನೂ ಕೊಂಡ. ದೇವರು ಕೊಡುತ್ತೇನೆಂದ ನೆಲದಲ್ಲೇ ದುಡ್ಡು ಕೊಟ್ಟು ಗೋರಿ ಕೊಂಡವನನ್ನು ಬೈಬಲ್ ನಂಬಿಗಸ್ತರ ತಂದೆ ಎನ್ನುತ್ತದೆ!

ಅವತ್ತು ಅರ್ಥವಾಗಲಿಲ್ಲ, ಈಗ ಆಗುತ್ತಿದೆ. ನಾನು ಆಸೆಯನ್ನೇ ವಾಗ್ದಾನ ಅಂದುಕೊಂಡಿದ್ದೆ. ತೋಟ ಉಳಿಸುತ್ತೇನೆಂದು ದೇವರು ನಮಗೆ ಎಲ್ಲಿಯೂ ಹೇಳಿರಲಿಲ್ಲ. ಯೇಸು ಶಿಷ್ಯರಿಗೆ ಕೊನೆಗೆ ಕೊಟ್ಟ ಮಾತು ಜೊತೆಗಿರುವುದರ ಬಗ್ಗೆ. ನಂಬಿದರೆ ತೋಟ ಹಸಿರಾಗುತ್ತದೆ ಎಂದು ಒಂದು ಪ್ರಾರ್ಥನಾ ಕೂಟದಲ್ಲಿ ಯಾರೋ ಹೇಳಿದಾಗ ನನಗೆ ನೋವಾಗಿತ್ತು. ಹಳದಿಯಾದ ತೋಟದವರ ನಂಬಿಕೆ ಹಾಗಾದರೆ ಕಡಿಮೆಯೇ?

ಅಮ್ಮಚ್ಚಿ ಈಗ ಚರ್ಚಿನ ಪಕ್ಕದ ಮಣ್ಣಿನಲ್ಲಿದ್ದಾರೆ. ಸತ್ತ ಮರಗಳ ಜಾಗದಲ್ಲಿ ಕಾಫಿ ನೆಟ್ಟಿದ್ದೇವೆ. ಸಂಜೆ ಏಳಕ್ಕೆ ಜಪಸರ ಹೇಳುವಾಗ ಅವರ ಚಾಪೆಯ ಮೇಲೆ ನನ್ನ ಮಗಳು ಕೂರುತ್ತಾಳೆ. ಆಮೆನ್ ಎಲ್ಲರಿಗಿಂತ ಜೋರಾಗಿ ಹೇಳುವವಳು ಅವಳೇ.