ಮೈಸೂರು ಹೈವೇ ಬಿಟ್ಟು ನಾಲೆ ಏರಿ ಹಿಡಿದಾಗ

ಮಂಗಳೂರಿನಿಂದ ಮೈಸೂರಿಗೆ ನಾವು ಬ್ಯಾರಿಗಳು ಎಷ್ಟು ಸಲ ಹೋಗಿಲ್ಲ! ಮದುವೆ ಜವಳಿಗೆ, ಮಕ್ಕಳ ಕಾಲೇಜು ಸೀಟಿಗೆ, ಆಸ್ಪತ್ರೆಗೆ, ಪೆರ್ನಾಲ್ ಕಳೆದ ಮೇಲೆ ಮಕ್ಕಳಿಗೆ ಮೃಗಾಲಯ ತೋರಿಸಲಿಕ್ಕೆ. ಸಂಪಾಜೆ ಘಾಟಿ ಹತ್ತಿ, ಮಡಿಕೇರಿ ಇಳಿದು, ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ಹತ್ತಿರ ಒಂದು ಚಹಾ. ಆಮೇಲೆ ಪಿರಿಯಾಪಟ್ಟಣ, ಹುಣಸೂರು ಯಾವಾಗ ದಾಟಿತು ಎಂದು ಹಿಂದಿನ ಸೀಟಿನವರಿಗೆ ಗೊತ್ತೇ ಆಗುವುದಿಲ್ಲ. ಎಲ್ಲರಿಗೂ ನಿದ್ದೆ.

ನಾವು ನಿದ್ದೆಯಲ್ಲಿ ದಾಟುವ ಆ ಸೀಮೆಯಲ್ಲಿ, ಹೈವೇ ಬಿಟ್ಟು ಒಳಗೆ ಹೋದರೆ, ಕಾರು ಬಸ್ಸುಗಳ ಸದ್ದೇ ಇಲ್ಲದ ಮಣ್ಣಿನ ದಾರಿಗಳುಂಟು. ಕಳೆದ ಚಳಿಗಾಲದಲ್ಲಿ ನಾವು ಐದು ಮಂದಿ ಎರಡು ದಿನ ಅಲ್ಲಿ ಸೈಕಲ್ ತುಳಿದು ಬಂದೆವು. ನಮ್ಮಲ್ಲಿ ಮೂವರು ನಲವತ್ತು ದಾಟಿದವರು, ಇಬ್ಬರಿಗೆ ಶುಗರ್. ದಿನಾ ನಡೆಯಿರಿ, ಇಲ್ಲವಾದರೆ ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿ ಹೇಳಿ ಸೋತಿದ್ದರು. ಊರಿನ ಹೈವೇಯಲ್ಲಿ ತುಳಿಯುವುದು ಹೇಗೆ? ಟಿಪ್ಪರ್ ಲಾರಿಯ ಗಾಳಿ ಬಡಿದರೇ ಸೈಕಲ್ ಪಕ್ಕಕ್ಕೆ ಸರಿಯುತ್ತದೆ.

ಸೈಕಲ್ ನಮಗೇನು ಹೊಸತಲ್ಲ. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಮನೆಗಳ ಅನ್ನ ಬಂದದ್ದೇ ಸೈಕಲ್ಲಿನ ಕ್ಯಾರಿಯರ್ ಮೇಲೆ. ಬೆಳಗಿನ ಜಾವ ದಕ್ಕೆಯಲ್ಲಿ ಮೀನು ತುಂಬಿಸಿ, ಹಾರ್ನ್ ಒತ್ತುತ್ತಾ ಗದ್ದೆಬದಿಯ ಕಚ್ಚಾ ರಸ್ತೆಯಲ್ಲಿ ಹಳ್ಳಿ ಹಳ್ಳಿ ಸುತ್ತಿದ ಕಾಕಂದಿರನ್ನು ಕಂಡವರು ಈಗಲೂ ಇದ್ದಾರೆ. ಇವತ್ತು ದೊಡ್ಡ ಹಣ ಕೊಟ್ಟು ಕೊಳ್ಳುವ 'ಗ್ರ್ಯಾವೆಲ್ ಬೈಕ್' ಓಡುವುದು ಅಂಥದೇ ರಸ್ತೆಯಲ್ಲಿ. ಕಾಕಂದಿರು ಅದನ್ನು ಡಬಲ್ ಬಾರಿನ ಸೈಕಲ್ಲಿನಲ್ಲಿ, ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಮಾಡಿದ್ದರು. ಅವರ ಮೊಮ್ಮಕ್ಕಳಿಗೆ ಹದಿನೆಂಟು ತುಂಬುವ ಮೊದಲೇ ಬೈಕ್ ಬೇಕು. ಆ ಬೈಕ್ ಎಷ್ಟು ಮನೆಗಳಲ್ಲಿ ಮಯ್ಯತ್ ತಂದಿದೆ ಎಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾವು ಆರಿಸಿಕೊಂಡದ್ದು ಮೊದಲು ಕೆ.ಆರ್.ನಗರ. ಕಾವೇರಿಯ ಕಟ್ಟೆಗಳಿಂದ ಹೊರಡುವ ಚಾಮರಾಜ ಎಡದಂಡೆ, ಬಲದಂಡೆ ನಾಲೆಗಳು ಈ ತಾಲೂಕನ್ನು ಭತ್ತದ ಕಣಜ ಮಾಡಿವೆ. ಇಂಥ ದೊಡ್ಡ ನಾಲೆಗಳ ಪಕ್ಕದಲ್ಲಿ ನೀರಾವರಿ ಇಲಾಖೆಯ ಜೀಪು ಓಡಾಡಲಿಕ್ಕೆಂದು ಏರಿಯ ಮೇಲೊಂದು ದಾರಿ ಬಿಟ್ಟಿರುತ್ತಾರೆ. ಕೆಲವು ಕಡೆ ಜಲ್ಲಿ, ಉಳಿದ ಕಡೆ ಬರೀ ಕೆಂಪು ಮಣ್ಣು. ಎತ್ತಿನಗಾಡಿ, ಅಪರೂಪಕ್ಕೊಂದು ಟ್ರ್ಯಾಕ್ಟರ್, ಹುಲ್ಲಿನ ಹೊರೆ ಹೊತ್ತವರು. ಬೇರೆ ಯಾರೂ ಇಲ್ಲ.

ಇಂಥ ದಾರಿಯ ಗುಟ್ಟು ನಮಗೆ ಅರ್ಥವಾದದ್ದು ತುಳಿಯುತ್ತಾ ಹೋದ ಮೇಲೆಯೇ. ನೀರು ದಿಬ್ಬ ಹತ್ತುವುದಿಲ್ಲ. ಹಾಗಾಗಿ ನಾಲೆ ತೋಡಿದವರು ಗುಡ್ಡವನ್ನು ಬಳಸಿ, ಸ್ವಲ್ಪ ಸ್ವಲ್ಪವೇ ಇಳಿಜಾರು ಕೊಟ್ಟು ತಂದಿರುತ್ತಾರೆ. ನಾಲೆ ಹತ್ತದಿದ್ದರೆ ಅದರ ಪಕ್ಕದ ದಾರಿಯೂ ಹತ್ತುವುದಿಲ್ಲ. ಘಟ್ಟದ ಕೆಳಗಿನ ನಮಗೆ ಇದೊಂದು ಪವಾಡದ ಹಾಗೆ. ನಮ್ಮಲ್ಲಿ ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಒಂದು ಏರು, ಒಂದು ಇಳುಕಲು. ಇಲ್ಲಿ ಮಂಡಿನೋವಿನವರೂ ಗಂಟೆಗಟ್ಟಲೆ ತುಳಿಯಬಹುದು. ಆದರೆ ನಾಲೆ ಹಾವಿನ ಹಾಗೆ ಸುತ್ತುತ್ತದೆ. ಎದುರಿಗೆ ಕಾಣುವ ಊರಿಗೆ ಮುಟ್ಟುವಾಗ ಅರ್ಧ ಗಂಟೆ ಹೋಗಿರುತ್ತದೆ.

ಸುಬಹಿ ಮುಗಿಸಿ ಹೊರಟಿದ್ದೆವು. ಮಂಜು. ಗದ್ದೆಯಲ್ಲಿ ಕೊಯ್ಲು ನಡೆದಿತ್ತು. ತೂಬಿನ ಹತ್ತಿರ ಕೂತಿದ್ದ ನೀರುಗಂಟಿ ನಮ್ಮನ್ನು ನಿಲ್ಲಿಸಿ, "ಯಾವೂರಾಯ್ತು ಸಾ?" ಎಂದರು. ಮಂಗಳೂರು ಕಡೆಯವರು ಎಂದೆವು. "ಅಲ್ಲಿಂದ ತುಳ್ಕೊಂಡೇ ಬಂದ್ರಾ?" ಇಲ್ಲ, ಗಾಡಿಯಲ್ಲಿ ಹಾಕಿ ತಂದದ್ದು ಎಂದಾಗ ಅವರಿಗೆ ನಗು ತಡೆಯಲಿಲ್ಲ. "ಗಾಡಿ ಇದ್ದೂ ಸೈಕಲ್ ತುಳೀತೀರಲ್ಲ!" ನಮ್ಮಲ್ಲೊಬ್ಬರು ಶುಗರ್ ವಿಷಯ ಹೇಳಿದರು. ನೀರುಗಂಟಿ ಗಂಭೀರವಾದರು. ಅವರಿಗೂ ಉಂಟಂತೆ. ನಾಲೆಯ ಮೇಲೆ ದಿನವಿಡೀ ನಡೆಯುವವರಿಗೂ ಶುಗರ್ ಬರುತ್ತದೆ ಎಂದು ಕೇಳಿ ನಮಗೆ ಸ್ವಲ್ಪ ನಿರಾಸೆಯೇ ಆಯಿತು.

ದೂರದ ಫ್ರಾನ್ಸಿನಲ್ಲಿ ಇಂಥ ದಾರಿಗೆ ಜಗತ್ತಿನಿಂದ ಜನ ಬರುತ್ತಾರೆ. ಟೂಲೂಸ್ ನಗರದಿಂದ ಮೆಡಿಟರೇನಿಯನ್ ಸಮುದ್ರದ ಕಡೆಗೆ 240 ಕಿ.ಮೀ. ಉದ್ದದ ಕಾಲುವೆಯೊಂದುಂಟು, ಕನಾಲ್ ದು ಮಿದಿ. 1681ರಲ್ಲಿ ಶುರುವಾದದ್ದು, 1996ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಹಿಂದೆ ಕುದುರೆಗಳು ದಂಡೆಯ ಮೇಲೆ ನಡೆದು ದೋಣಿ ಎಳೆಯುತ್ತಿದ್ದವು. ಈಗ ಆ ದಂಡೆಯಲ್ಲಿ ಸೈಕಲ್ಲಿನವರು ಹೋಗುತ್ತಾರೆ. ರೈಲು ನಿಂತುಹೋದ ಹಳಿಗಳನ್ನೂ ಅಲ್ಲಿ ಕಿತ್ತು 'ಹಸಿರು ದಾರಿ' ಮಾಡಿದ್ದಾರೆ, ಕಾರು ನುಗ್ಗದ ಹಾಗೆ ಕಂಬ ನೆಟ್ಟಿದ್ದಾರೆ. ನಮ್ಮಲ್ಲಿ ಕಂಬವೂ ಇಲ್ಲ, ಬೋರ್ಡೂ ಇಲ್ಲ. ದಾರಿ ಮಾತ್ರ ಉಂಟು.

ಇನ್ನೊಂದು ಮುಖ್ಯವಾದದ್ದೂ ಇಲ್ಲ. ಅದು ತಡೆಗೋಡೆ. ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. 2018ರ ನವೆಂಬರ್ 24ರಂದು ಪಕ್ಕದ ಮಂಡ್ಯ ಜಿಲ್ಲೆಯ ಕನಗನಮರಡಿಯಲ್ಲಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಮಂದಿ ಹೋದದ್ದು ನೆನಪಿರಬಹುದು. ನಾಲೆಯಲ್ಲಿ ನೀರು ಹರಿಯುವಾಗ ಬಿದ್ದರೆ ಈಜು ಬಲ್ಲವರಿಗೂ ಮೇಲೆ ಬರುವುದು ಕಷ್ಟ. ಕಾಂಕ್ರೀಟ್ ಹಾಕಿದ ಬದಿಯಲ್ಲಿ ಪಾಚಿ, ಹಿಡಿಯಲಿಕ್ಕೆ ಏನೂ ಸಿಗುವುದಿಲ್ಲ. ನಮ್ಮಲ್ಲೊಬ್ಬರು ಎದುರು ಬಂದ ಎಮ್ಮೆಗಳಿಗೆ ದಾರಿ ಬಿಡಲು ಹೋಗಿ ನಾಲೆಯ ಅಂಚಿಗೆ ಒಂದು ಗೇಣು ಬಾಕಿ ಇರುವಾಗ ನಿಂತರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಲ್ಲಿಂದ ಮುಂದೆ ನಾವು ಒಬ್ಬರ ಹಿಂದೆ ಒಬ್ಬರು, ಗದ್ದೆಯ ಬದಿಗೇ ತುಳಿದೆವು. ದನ ಬಂದರೆ ಇಳಿದು ನಿಂತೆವು. ಚಿಕ್ಕ ಮಕ್ಕಳನ್ನು ನೀರು ಬಿಟ್ಟಿರುವ ನಾಲೆಯ ಏರಿಗೆ ಕರೆದೊಯ್ಯಲೇಬೇಡಿ. ಕೊಯ್ಲು ಮುಗಿದು ನೀರು ನಿಂತ ಮೇಲೆ ಹೋಗಬಹುದು.

ಎರಡನೇ ದಿನ ಪಿರಿಯಾಪಟ್ಟಣ, ಹುಣಸೂರು. ಇಲ್ಲಿ ಹಾರಂಗಿಯ ನಾಲೆಗಳುಂಟು, ಹನಗೋಡಿನಲ್ಲಿ ಲಕ್ಷ್ಮಣತೀರ್ಥಕ್ಕೆ ಕಟ್ಟಿದ ಅಣೆಕಟ್ಟೆಯ ನಾಲೆಯುಂಟು. ಆದರೆ ನಮಗೆ ಹೆಚ್ಚು ಹಿಡಿಸಿದ್ದು ಹೊಗೆಸೊಪ್ಪಿನ ಹೊಲಗಳ ನಡುವಿನ ಬಂಡಿಜಾಡು. ಹೊಲದ ಅಂಚಿನಲ್ಲೆಲ್ಲ ಎತ್ತರದ ಬ್ಯಾರನ್‌ಗಳು. ಸೊಪ್ಪು ಬೇಯಿಸುವ ಕಾಲ ಮುಗಿದಿದ್ದರೂ ಗೋಡೆಗೆ ಆ ವಾಸನೆ ಅಂಟಿಕೊಂಡೇ ಇತ್ತು. ಕಂಪಲಾಪುರ, ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗಳಿಗೆ ಬೇಲ್ ಹೊತ್ತ ವಾಹನಗಳು ಡಾಂಬರು ರಸ್ತೆಯಲ್ಲಿ ಹೋಗುತ್ತವೆ. ಬಂಡಿಜಾಡಿನಲ್ಲಿ ನಾವು ಮಾತ್ರ. ಒಂದು ಕಡೆ ಜಾಲಿಮುಳ್ಳು ಚುಚ್ಚಿ ಎರಡು ಟ್ಯೂಬು ಒಟ್ಟಿಗೆ ಹೋಯಿತು. ಪಂಪು ತಂದಿದ್ದೆವು, ಪಂಕ್ಚರ್ ಸೊಲ್ಯೂಷನ್ ಕಾರಿನಲ್ಲೇ ಉಳಿದಿತ್ತು! ನಾಲ್ಕು ಕಿಲೋಮೀಟರ್ ತಳ್ಳಿಕೊಂಡು ಹೋದೆವು. ಹುಣಸೂರಿನಲ್ಲಿ ಲುಹರ್‌ಗೆ ಮಸೀದಿ ಸೇರಿದಾಗ ಹಿರಿಯರೊಬ್ಬರು ಉರ್ದುವಿನಲ್ಲಿ ವಿಚಾರಿಸಿದರು, ನಮ್ಮ ಉರ್ದು ಎರಡು ವಾಕ್ಯಕ್ಕೆ ಮುಗಿಯಿತು, ಇಬ್ಬರೂ ಕನ್ನಡಕ್ಕೆ ಬಂದೆವು.

ಎಚ್.ಡಿ.ಕೋಟೆಗೆ ಹೋಗುವ ಆಸೆ ಇತ್ತು. ಕಬಿನಿ ಹಿನ್ನೀರಿನ ಚಿತ್ರ ಯಾರ ಫೋನಿನಲ್ಲಿಲ್ಲ? ಅಲ್ಲಿಯವರೇ ಬೇಡ ಎಂದರು. ಕಾಡಂಚಿನ ಊರುಗಳಲ್ಲಿ ಆನೆ, ಹುಲಿಯ ಭಯದಿಂದ ರೈತರೇ ಹೊಲಕ್ಕೆ ಒಬ್ಬರೇ ಹೋಗುವುದಿಲ್ಲ. ಹುಣಸೂರಿನಲ್ಲೂ ಅಷ್ಟೇ, ದಸರಾ ಆನೆಗಳ ಗಜಪಯಣ ಹೊರಡುವ ವೀರನಹೊಸಹಳ್ಳಿಯ ಕಡೆಗೆ ನಾವು ತಿರುಗಲಿಲ್ಲ. ಸದ್ದಿಲ್ಲದೆ ಹೋಗುವ ಸೈಕಲ್ ಆನೆಯ ಎದುರಿಗೆ ಹಠಾತ್ತನೆ ಬಂದು ನಿಲ್ಲುವ ವಾಹನ. ಕಾಡು ದೂರವಿರುವ ಕೆ.ಆರ್.ನಗರವೇ ಮೊದಲ ಸಲಕ್ಕೆ ಒಳ್ಳೆಯದು.

ದುಬಾರಿ ಸೈಕಲ್ ಬೇಕೆಂದಿಲ್ಲ. ದಪ್ಪ ಟಯರಿನ ಯಾವುದಾದರೂ ಸಾಕು, ಗಾಳಿ ಸ್ವಲ್ಪ ಕಡಿಮೆ ಇದ್ದರೆ ಜಲ್ಲಿಯಲ್ಲಿ ಕುಲುಕಾಟ ಕಡಿಮೆ. ಮಳೆಗಾಲದಲ್ಲಿ ಹೋದರೆ ಮಣ್ಣು ಚಕ್ರಕ್ಕೆ ಮೆತ್ತಿ ಮುಂದೆ ಹೋಗುವುದೇ ಇಲ್ಲ.

ಮನೆಗೆ ಬಂದು ಚಿತ್ರ ತೋರಿಸಿದಾಗ ಹೆಂಗಸರು ಕೇಳಿದ್ದು ಒಂದೇ ಪ್ರಶ್ನೆ: "ನಾವು ಯಾಕೆ ಬರಬಾರದು?" ಉತ್ತರ ನಮ್ಮ ಹತ್ತಿರ ಇರಲಿಲ್ಲ. ಸರಕಾರ 2006-07ರಲ್ಲಿ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನಮ್ಮ ಹುಡುಗಿಯರೂ ಸ್ಕಾರ್ಫ್ ಕಟ್ಟಿ ಹೈಸ್ಕೂಲಿಗೆ ತುಳಿದುಕೊಂಡೇ ಹೋದರು. ಎಸೆಸೆಲ್ಸಿ ಮುಗಿಯಿತು, ಸೈಕಲ್ ಕೊಟ್ಟಿಗೆ ಸೇರಿತು. ಈಗ ಅವರಿಗೆ ಮೂವತ್ತು ದಾಟಿದೆ, ಶುಗರ್, ಥೈರಾಯ್ಡ್ ಅವರ ಮನೆಗೂ ಬಂದಿದೆ. ಊರಲ್ಲಿ ತುಳಿದರೆ ಜನ ನೋಡುತ್ತಾರೆ ಎಂಬ ಸಂಕೋಚ. ನೋಡುವ ಜನವೇ ಇಲ್ಲದ ದಾರಿಯಲ್ಲಿ ಏನು ಅಡ್ಡಿ? ಪ್ರವಾದಿ(ಸ) ಅವರು ಆಯಿಶಾ(ರ) ಜೊತೆ ಓಟದ ಪಂದ್ಯ ಮಾಡಿದ್ದನ್ನು ನಮ್ಮ ಉಸ್ತಾದರುಗಳೇ ಹೇಳುತ್ತಾರೆ.

ನಾಲೆ ಒಣಗಿದ ಮೇಲೆ, ಫೆಬ್ರವರಿಯಲ್ಲಿ, ಮೂರು ಮನೆಯವರು ಒಟ್ಟಿಗೆ ಹೋಗುವುದೆಂದು ಮಾತಾಗಿದೆ. ಬುರ್ಖಾದ ಅಂಚು ಚೈನಿಗೆ ಸಿಕ್ಕದ ಹಾಗೆ ಪೂರ್ತಿ ಚೈನ್ ಕವರ್, ಹಿಂದಿನ ಚಕ್ರಕ್ಕೆ ಬಲೆ ಇರುವ ಲೇಡೀಸ್ ಸೈಕಲ್ ನಾಲ್ಕು ಬೇಕು. ಎರಡು ಸಿಕ್ಕಿದೆ. ಅದರಲ್ಲೊಂದು ಕೊಟ್ಟಿಗೆಯಲ್ಲಿದ್ದ ಅದೇ ಸರಕಾರಿ ಸೈಕಲ್. ಟಯರ್ ಎರಡೂ ಹೋಗಿತ್ತು, ರಿಮ್ಮು ಚೆನ್ನಾಗಿಯೇ ಉಂಟು.