ಆರೈಕೆಯ ವರ್ಷಗಳು ಖಾಲಿ ವರ್ಷಗಳಲ್ಲ: ಬ್ರಿಟನ್ನಿನ ಅನಾರೋಗ್ಯ ಭತ್ಯೆಯ ಸುತ್ತ ತಪ್ಪು ಕಲ್ಪನೆ ಮತ್ತು ಸತ್ಯ

ಲಕ್ವ ಹೊಡೆದ ಅತ್ತೆಯನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಮರೆವಿನ ಕಾಯಿಲೆಯ ಮಾವ ನಡುರಾತ್ರಿ ಬಾಗಿಲು ತೆಗೆದುಕೊಂಡು ಹೊರಟರೆ ಎದ್ದು ಒಳಗೆ ಕರೆತರಬೇಕು. ಇಂಥ ಕೆಲಸವನ್ನು ವರ್ಷಗಟ್ಟಲೆ ಮಾಡಿದವರ ಸೊಂಟ, ಮಂಡಿ, ಮನಸ್ಸು ಒಂದು ದಿನ ಕೈಕೊಡುತ್ತವೆ. ಬ್ರಿಟನ್ನಿನಲ್ಲಿ ನೌಕರಿ ಬಿಟ್ಟು ಮನೆಯವರ ಆರೈಕೆಗೆ ನಿಂತವರು, ಕೊನೆಗೆ ತಾವೇ ಹಾಸಿಗೆ ಹಿಡಿದು ಅನಾರೋಗ್ಯ ಭತ್ಯೆಗೆ ಅರ್ಜಿ ಹಾಕಿದಾಗ, 'ನಿಮ್ಮ ವಂತಿಗೆ ಸಾಲದು' ಎಂಬ ಕಾಗದ ಬರುವುದುಂಟು. ಎಷ್ಟೋ ಮಂದಿ ಅಲ್ಲಿಗೇ ಕೈಚೆಲ್ಲುತ್ತಾರೆ.

ಹಾಗೆ ಕೈಚೆಲ್ಲಬೇಕಾಗಿಲ್ಲ. ಆರೈಕೆ ಮಾಡಿದವರಿಗೆಂದೇ ಅಲ್ಲಿನ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ. ಅದಕ್ಕೊಂದು ಗಡುವೂ ಇದೆ. ಇವೆರಡೂ ಗೊತ್ತಿಲ್ಲದೆ ಹಕ್ಕು ಕಳೆದುಕೊಳ್ಳುವವರಲ್ಲಿ ಅಲ್ಲಿ ನೆಲೆಸಿರುವ ನಮ್ಮವರೂ ಇರಬಹುದು. ಆದ್ದರಿಂದ ಒಂದೊಂದೇ ತಪ್ಪು ಕಲ್ಪನೆಯನ್ನು ಬಿಡಿಸಿ ನೋಡೋಣ. ಇಲ್ಲಿ ಕೊಟ್ಟಿರುವ ದರಗಳು 2025-26ನೇ ಸಾಲಿನವು.

ತಪ್ಪು ಕಲ್ಪನೆ 1: ಸಂಬಳವಿಲ್ಲದ ವರ್ಷ ಎಂದರೆ ವಿಮೆ ಕಟ್ಟದ ವರ್ಷ

ಸತ್ಯ: ಕೇರರ್ಸ್ ಅಲೋವೆನ್ಸ್ ಪಡೆದ ಪ್ರತಿ ವಾರವೂ ದುಡಿಯುವವರು ವಂತಿಗೆ ಕಟ್ಟುವ ಸರ್ಕಾರಿ ವಿಮೆಯಾದ ನ್ಯಾಷನಲ್ ಇನ್ಶೂರೆನ್ಸ್‌ನ ನಿಮ್ಮ ಖಾತೆಗೆ ಒಂದು ಕ್ರೆಡಿಟ್, ಅಂದರೆ ವಂತಿಗೆ ಕಟ್ಟಿದಂತೆ ಎಣಿಸುವ ಲೆಕ್ಕ, ಬೀಳುತ್ತದೆ. ಅದು ಕ್ಲಾಸ್ 1 ಕ್ರೆಡಿಟ್. ಪಿಂಚಣಿಗಷ್ಟೇ ಅಲ್ಲ, ಅನಾರೋಗ್ಯ ಭತ್ಯೆಗೂ ಲೆಕ್ಕಕ್ಕೆ ಬರುತ್ತದೆ.

ವಾರಕ್ಕೆ ಕನಿಷ್ಠ 35 ಗಂಟೆ ಆರೈಕೆ ಮಾಡುವವರಿಗೆ ಕೇರರ್ಸ್ ಅಲೋವೆನ್ಸ್ ಸಿಗುತ್ತದೆ. ಮೊತ್ತ ವಾರಕ್ಕೆ 83.30 ಪೌಂಡ್. ಆರೈಕೆ ಪಡೆಯುವವರಿಗೆ ಅಟೆಂಡೆನ್ಸ್ ಅಲೋವೆನ್ಸ್ ಅಥವಾ ಪಿಐಪಿಯ (ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್) ದೈನಂದಿನ ಜೀವನದ ಭಾಗದಂಥ ಅಂಗವೈಕಲ್ಯ ಭತ್ಯೆ ಬರುತ್ತಿರಬೇಕು. ಸ್ಕಾಟ್ಲೆಂಡಿನಲ್ಲಿ ಈಗ ಇದರ ಜಾಗದಲ್ಲಿ ಕೇರರ್ ಸಪೋರ್ಟ್ ಪೇಮೆಂಟ್ ಇದೆ.

ತಪ್ಪು ಕಲ್ಪನೆ 2: ಇತ್ತೀಚೆಗೆ ದುಡಿದಿಲ್ಲದಿದ್ದರೆ ಅನಾರೋಗ್ಯ ಭತ್ಯೆ ಸಿಗುವುದೇ ಇಲ್ಲ

ಸತ್ಯ: ಇದು ಅರ್ಧ ಮಾತ್ರ ನಿಜ, ಹಕ್ಕು ಕೈತಪ್ಪುವುದೂ ಹೆಚ್ಚಾಗಿ ಇಲ್ಲಿಯೇ.

ವಂತಿಗೆಯ ಆಧಾರದ ಮೇಲೆ ಸಿಗುವ ಅನಾರೋಗ್ಯ ಭತ್ಯೆಯ ಹೆಸರು ನ್ಯೂ ಸ್ಟೈಲ್ ಇಎಸ್‌ಎ. 25 ದಾಟಿದವರಿಗೆ ಮೊದಲ ಹಂತದಲ್ಲಿ ವಾರಕ್ಕೆ 92.05 ಪೌಂಡ್ ಬರುತ್ತದೆ. ಇದಕ್ಕೆ ಎರಡು ವಂತಿಗೆ ಷರತ್ತುಗಳಿವೆ. ಒಂದು, ಅರ್ಜಿಗೆ ಸಂಬಂಧಿಸಿದ ಎರಡು ತೆರಿಗೆ ವರ್ಷಗಳಲ್ಲಿ ಒಂದರಲ್ಲಾದರೂ ನೀವು ನಿಜವಾಗಿ ದುಡಿದು, ಸುಮಾರು 26 ವಾರದ ಮಟ್ಟಿಗೆ ವಂತಿಗೆ ಕಟ್ಟಿರಬೇಕು. ಇದಕ್ಕೆ ಕ್ರೆಡಿಟ್ ನಡೆಯುವುದಿಲ್ಲ. ಎರಡು, ಆ ಎರಡೂ ವರ್ಷಗಳಲ್ಲಿ ತಲಾ 50 ವಾರದ ಲೆಕ್ಕ ಭರ್ತಿಯಾಗಬೇಕು. ಇದಕ್ಕೆ ಕಟ್ಟಿದ ವಂತಿಗೆಯೂ ಆಗುತ್ತದೆ, ಕ್ರೆಡಿಟ್ಟೂ ಆಗುತ್ತದೆ, ಎರಡೂ ಕೂಡಿದರೂ ಆಗುತ್ತದೆ.

ಐದಾರು ವರ್ಷ ಆರೈಕೆಯಲ್ಲೇ ಕಳೆದವರು ಎರಡನೇ ಷರತ್ತನ್ನು ಕ್ರೆಡಿಟ್‌ಗಳ ಬಲದಿಂದ ದಾಟುತ್ತಾರೆ, ಮೊದಲನೆಯದರಲ್ಲಿ ಎಡವುತ್ತಾರೆ. ವಿನಾಯಿತಿ ಇರುವುದು ಅಲ್ಲಿಗೇ. ಅರ್ಜಿ ಹಾಕುವ ಭತ್ಯಾ ವರ್ಷಕ್ಕಿಂತ (ಅದು ಜನವರಿಯಲ್ಲಿ ಶುರುವಾಗುತ್ತದೆ) ಹಿಂದೆ ಪೂರ್ತಿಯಾಗಿ ಮುಗಿದ ಕೊನೆಯ ತೆರಿಗೆ ವರ್ಷದಲ್ಲಿ ನಿಮಗೆ ಕೇರರ್ಸ್ ಅಲೋವೆನ್ಸ್ ಇದ್ದಿದ್ದರೆ, ಮೊದಲ ಷರತ್ತನ್ನು ಸಡಿಲಿಸಲಾಗುತ್ತದೆ. ಆಗ ನೀವು ದುಡಿದ ಯಾವುದೇ ಒಂದು ಹಳೆಯ ವರ್ಷದ ವಂತಿಗೆ ಸಾಕು.

ಲೆಸ್ಟರ್‌ನ ಒಬ್ಬ ಸೊಸೆಯ ಉದಾಹರಣೆ ತೆಗೆದುಕೊಳ್ಳಿ. ಆಕೆ 2011ರಿಂದ 2018ರವರೆಗೆ ಸೂಪರ್‌ಮಾರ್ಕೆಟ್ ಒಂದರಲ್ಲಿ ಪೂರ್ಣಾವಧಿ ದುಡಿದರು. ಅತ್ತೆಗೆ ಲಕ್ವ ಹೊಡೆದ ಮೇಲೆ ಕೆಲಸ ಬಿಟ್ಟು ಕೇರರ್ಸ್ ಅಲೋವೆನ್ಸ್ ಪಡೆಯತೊಡಗಿದರು. 2025ರ ಅಕ್ಟೋಬರ್ ನಡುವೆ ಅತ್ತೆ ತೀರಿಕೊಂಡರು. ಆಮೇಲೂ ಎಂಟು ವಾರ ಆ ಭತ್ಯೆ ಬಂತು. ಸೊಂಟದ ಡಿಸ್ಕ್ ಜಾರಿ, ಖಿನ್ನತೆಯೂ ಕವಿದು, 2026ರ ಫೆಬ್ರವರಿಯಲ್ಲಿ ಆಕೆ ಇಎಸ್‌ಎಗೆ ಅರ್ಜಿ ಹಾಕಿದರು.

2026ರ ಅರ್ಜಿಗೆ ನೋಡುವುದು 2023-24 ಮತ್ತು 2024-25ನೇ ತೆರಿಗೆ ವರ್ಷಗಳನ್ನು. ಎರಡರಲ್ಲೂ ವರ್ಷವಿಡೀ ಕ್ರೆಡಿಟ್ ಬಿದ್ದಿರುವುದರಿಂದ ಎರಡನೇ ಷರತ್ತು ಈಡೇರಿತು. ದುಡಿದು ಕಟ್ಟಿದ ವಂತಿಗೆ ಮಾತ್ರ ಆ ಎರಡರಲ್ಲೂ ಸೊನ್ನೆ. ಆದರೆ 2024-25ರಲ್ಲಿ ಕೇರರ್ಸ್ ಅಲೋವೆನ್ಸ್ ಇತ್ತಲ್ಲ? ಹಾಗಾಗಿ ಸಡಿಲಿಕೆ ಅನ್ವಯಿಸುತ್ತದೆ, 2015-16ರ ದುಡಿಮೆ ಈಗ ಕೈಹಿಡಿಯುತ್ತದೆ. ಆಕೆ ವಂತಿಗೆಯ ಪರೀಕ್ಷೆಯಲ್ಲಿ ಪಾಸು.

ತಪ್ಪು ಕಲ್ಪನೆ 3: ಹಕ್ಕು ಎಲ್ಲಿಗೂ ಓಡಿಹೋಗುವುದಿಲ್ಲ, ಸ್ವಲ್ಪ ಸುಧಾರಿಸಿಕೊಂಡು ಅರ್ಜಿ ಹಾಕಿದರಾಯಿತು

ಸತ್ಯ: ಈ ಹಕ್ಕು ಕ್ಯಾಲೆಂಡರಿಗೆ ಕಟ್ಟುಬಿದ್ದಿದೆ. ಭತ್ಯಾ ವರ್ಷ ಜನವರಿಯ ಮೊದಲ ಭಾನುವಾರ ಶುರುವಾಗುತ್ತದೆ, ತೆರಿಗೆ ವರ್ಷ ಏಪ್ರಿಲ್ 6ಕ್ಕೆ. ಜನವರಿಯ ಆ ಭಾನುವಾರ ಬಂತೆಂದರೆ ನೋಡುವ ವರ್ಷಗಳೇ ಬದಲಾಗುತ್ತವೆ.

ಅದೇ ಸೊಸೆ ಸೂತಕ, ತಿಥಿ, ಬಂಧುಬಳಗ ಎಂದು ವರ್ಷ ತಳ್ಳಿ, 2027ರಲ್ಲಿ ಅರ್ಜಿ ಹಾಕಿದರು ಎನ್ನಿ. ಆಗ ನೋಡುವುದು 2024-25 ಮತ್ತು 2025-26. ಈ ಎರಡನೇ ವರ್ಷದಲ್ಲಿ ಕೇರರ್ಸ್ ಅಲೋವೆನ್ಸ್ ಬಂದದ್ದು ಏಪ್ರಿಲ್‌ನಿಂದ ಡಿಸೆಂಬರ್ ನಡುವಿನವರೆಗೆ, ಅಂದರೆ ಸುಮಾರು 36 ವಾರ. ಸಡಿಲಿಕೆ ಇನ್ನೂ ಇದೆ, ಆದರೆ 50 ವಾರದ ಲೆಕ್ಕ ಭರ್ತಿಯಾಗುವುದಿಲ್ಲ. ಅರ್ಜಿ ತಿರಸ್ಕೃತ. 2028ಕ್ಕೆ ಹೋದರೆ ಸಡಿಲಿಕೆಯೂ ಇಲ್ಲ. ಅದೇ ಕಾಯಿಲೆ, ಅದೇ ಸೇವೆ, ಬದಲಾದದ್ದು ತಾರೀಕು ಮಾತ್ರ.

ಆದ್ದರಿಂದ ಆರೈಕೆ ಮುಗಿದಾಗ ಮೈಯಲ್ಲಿ ಹುಷಾರಿಲ್ಲದಿದ್ದರೆ ತಡಮಾಡದೆ ಜಿಪಿಯನ್ನು, ಅಂದರೆ ನಿಮ್ಮ ಕುಟುಂಬ ವೈದ್ಯರನ್ನು, ಕಂಡು ಫಿಟ್ ನೋಟ್ ಎಂಬ ವೈದ್ಯಕೀಯ ಚೀಟಿ ತೆಗೆದುಕೊಳ್ಳಿ. ಕಾಯಿಲೆ ಬಿದ್ದ ಮೊದಲ ಏಳು ದಿನಕ್ಕೆ ನಿಮ್ಮ ಮಾತೇ ಸಾಕು, ಆಮೇಲೆ ಆ ಚೀಟಿ ಬೇಕು. ಅರ್ಜಿಯನ್ನು ಮೂರು ತಿಂಗಳ ಹಿಂದಿನವರೆಗೆ ಅನ್ವಯವಾಗುವಂತೆ ಕೇಳಬಹುದು. ಹಣ ಬರದಿದ್ದರೂ ಕ್ರೆಡಿಟ್ ಮಾತ್ರಕ್ಕಾಗಿ ಇಎಸ್‌ಎ ಅರ್ಜಿ ಹಾಕಲು ಬರುತ್ತದೆ. ಆ ಸೊಸೆ ಡಿಸೆಂಬರ್‌ನಲ್ಲೇ ಹಾಗೆ ಮಾಡಿದ್ದರೆ ಉಳಿದ ವಾರಗಳಿಗೂ ಕ್ರೆಡಿಟ್ ಬಿದ್ದು 2025-26 ತುಂಬಿಕೊಳ್ಳುತ್ತಿತ್ತು.

ತಪ್ಪು ಕಲ್ಪನೆ 4: ಆರೈಕೆಯ ಹೆಸರಿನಲ್ಲಿ ಯಾವುದು ಬಂದರೂ ಒಂದೇ

ಸತ್ಯ: ಒಂದೇ ಅಲ್ಲ. ಹೆಸರುಗಳು ಹತ್ತಿರ ಹತ್ತಿರ ಇವೆ, ಫಲ ಬೇರೆ ಬೇರೆ. ವಾರಕ್ಕೆ 20 ಗಂಟೆ ಆರೈಕೆ ಮಾಡುವವರಿಗಿರುವ ಕೇರರ್ಸ್ ಕ್ರೆಡಿಟ್ ಕೊಡುವುದು ಕ್ಲಾಸ್ 3 ಕ್ರೆಡಿಟ್. ಅದು ಸರ್ಕಾರಿ ಪಿಂಚಣಿಗೆ ಆಗುತ್ತದೆ, ಇಎಸ್‌ಎಗೆ ಆಗುವುದಿಲ್ಲ. ಆದಾಯ, ಉಳಿತಾಯ ನೋಡಿ ಕೊಡುವ ಯೂನಿವರ್ಸಲ್ ಕ್ರೆಡಿಟ್ ಎಂಬ ಭತ್ಯೆಯಿಂದ ಸಿಗುವುದೂ ಕ್ಲಾಸ್ 3 ಕ್ರೆಡಿಟ್ಟೇ.

ಯೂನಿವರ್ಸಲ್ ಕ್ರೆಡಿಟ್ ಪಡೆಯುವವರಿಗೆ ಕೇರರ್ಸ್ ಅಲೋವೆನ್ಸ್ ಬಂದರೆ ಅಷ್ಟೂ ಹಣವನ್ನು ಮುರಿದುಕೊಳ್ಳುತ್ತಾರೆ. ಹಾಗಾಗಿ 'ಈ ಕೈಲಿ ಕೊಟ್ಟು ಆ ಕೈಲಿ ಕಿತ್ತುಕೊಳ್ಳುವುದಕ್ಕೆ ಅರ್ಜಿ ಯಾಕೆ' ಎಂದು ಬಿಟ್ಟುಬಿಡುವವರಿದ್ದಾರೆ. ಕೈಗೆ ಬರುವ ಹಣ ಹೆಚ್ಚದಿದ್ದರೂ, ಆ ಅರ್ಜಿಯಿಂದ ಕ್ಲಾಸ್ 1 ಕ್ರೆಡಿಟ್ ಮತ್ತು ಮೇಲೆ ಹೇಳಿದ ಸಡಿಲಿಕೆ ಎರಡೂ ಸಿಗುತ್ತವೆ. ಒಂದು ಎಚ್ಚರ: ಆರೈಕೆ ಪಡೆಯುವವರು ಒಂಟಿಯಾಗಿದ್ದು, ತೀವ್ರ ಅಂಗವೈಕಲ್ಯಕ್ಕೆಂದು ಹೆಚ್ಚುವರಿ ಹಣ ಪಡೆಯುತ್ತಿದ್ದರೆ, ನಿಮ್ಮ ಭತ್ಯೆಯಿಂದ ಅವರದು ಕಡಿತವಾಗಬಹುದು. ಮೊದಲೇ ವಿಚಾರಿಸಿಕೊಳ್ಳಿ.

ತಪ್ಪು ಕಲ್ಪನೆ 5: ಆರೈಕೆ ಮಾಡುವಷ್ಟು ಶಕ್ತಿ ಇದೆ ಎಂದರೆ ಕಾಯಿಲೆ ಇಲ್ಲ ಎಂದರ್ಥ

ಸತ್ಯ: ಮನೆಯವರ ಆರೈಕೆಯನ್ನು ಇಎಸ್‌ಎ ನಿಯಮಗಳು ದುಡಿಮೆ ಎಂದು ಎಣಿಸುವುದಿಲ್ಲ. ಇಎಸ್‌ಎಗಾಗಿ ನಡೆಸುವ ಸಾಮರ್ಥ್ಯದ ತಪಾಸಣೆಯಲ್ಲಿ ನೋಡುವುದು ನಡೆಯುವುದು, ಕೂರುವುದು, ಎತ್ತುವುದು, ಜನರೊಡನೆ ವ್ಯವಹರಿಸುವುದು ಇತ್ಯಾದಿ ನಿಮಗೆ ಎಷ್ಟು ಸಾಧ್ಯ ಎಂಬುದನ್ನು. ಆರೈಕೆಯ ವಿವರ ಮುಚ್ಚಿಡಬೇಡಿ, ಆದರೆ ಪೂರ್ತಿ ಹೇಳಿ. 'ಅತ್ತೆಯನ್ನು ಎತ್ತಿ ಕೂರಿಸುತ್ತೇನೆ' ಎಂದಷ್ಟೇ ಬರೆದು ನಿಲ್ಲಿಸಬೇಡಿ. ಎತ್ತಿದ ಮೇಲೆ ಎಷ್ಟು ಹೊತ್ತು ಗೋಡೆಗೊರಗಿ ಕೂರಬೇಕಾಗುತ್ತದೆ, ಮರುದಿನ ಏಳಲು ಆಗುತ್ತದೆಯೋ ಇಲ್ಲವೋ, ಯಾರು ಕೈಜೋಡಿಸುತ್ತಾರೆ ಎಂಬುದನ್ನೂ ಬರೆಯಿರಿ.

ಆರೈಕೆ ಮಾಡುತ್ತಿರುವಾಗಲೇ ಇಎಸ್‌ಎಗೆ ಅರ್ಜಿ ಹಾಕಬಹುದು. ಅದೂ ಕೇರರ್ಸ್ ಅಲೋವೆನ್ಸೂ ಪೂರ್ತಿಯಾಗಿ ಕೂಡಿ ಬರುವುದಿಲ್ಲ, ಹೆಚ್ಚಿನ ಮೊತ್ತದಷ್ಟು ಸಿಗುತ್ತದೆ. ಯೂನಿವರ್ಸಲ್ ಕ್ರೆಡಿಟ್‌ನಲ್ಲೂ ಆರೈಕೆಯ ಅಂಶ, ತಿಂಗಳಿಗೆ 201.68 ಪೌಂಡ್, ಮತ್ತು ತೀವ್ರ ಅನಾರೋಗ್ಯದ ಅಂಶ, 423.27 ಪೌಂಡ್, ಒಬ್ಬರಿಗೇ ಎರಡೂ ಸಿಗುವುದಿಲ್ಲ. ದೊಡ್ಡದು ಸಿಗುತ್ತದೆ. 2026ರ ಏಪ್ರಿಲ್ 6ರಿಂದ ಹೊಸದಾಗಿ ಬರುವ ಹೆಚ್ಚಿನವರಿಗೆ ಈ ಅನಾರೋಗ್ಯದ ಅಂಶ 217.26 ಪೌಂಡ್‌ಗೆ ಇಳಿಯುತ್ತದೆ.

ತಪ್ಪು ಕಲ್ಪನೆ 6: ಗಂಡನಿಗೆ ಸಂಬಳವಿದೆ, ಬ್ಯಾಂಕಿನಲ್ಲಿ ದುಡ್ಡಿದೆ, ನಮಗೆಲ್ಲಿ ಕೊಡುತ್ತಾರೆ

ಸತ್ಯ: ಆ ಮಾತು ಯೂನಿವರ್ಸಲ್ ಕ್ರೆಡಿಟ್‌ಗೆ ಸರಿ. ಅದಕ್ಕೆ ಸಂಗಾತಿಯ ಸಂಬಳವನ್ನೂ ನೋಡುತ್ತಾರೆ, ಉಳಿತಾಯ 16,000 ಪೌಂಡ್ ದಾಟಿದರೆ ಸಿಗುವುದೇ ಇಲ್ಲ. ನ್ಯೂ ಸ್ಟೈಲ್ ಇಎಸ್‌ಎಗೆ ಇವೆರಡೂ ಅಡ್ಡಿಯಲ್ಲ. ಅದು ನೀವು ಕಟ್ಟಿದ ವಿಮೆಯ ಫಲ. ನಿಮ್ಮದೇ ನೌಕರಿ ಪಿಂಚಣಿ ವಾರಕ್ಕೆ 85 ಪೌಂಡ್ ದಾಟಿದರೆ ಮಾತ್ರ ಸ್ವಲ್ಪ ಕಡಿತವಾಗುತ್ತದೆ.

ತಪ್ಪು ಕಲ್ಪನೆ 7: ವೀಸಾದಲ್ಲಿರುವವರಿಗೆ ಯಾವುದೂ ಇಲ್ಲ, ಊರಿಗೆ ಹೋಗಿ ಮಾಡಿದ ಸೇವೆಗೆ ಎಲ್ಲವೂ ಇದೆ

ಸತ್ಯ: ಎರಡೂ ತಪ್ಪು. ವೀಸಾದ ಮೇಲೆ 'ಸಾರ್ವಜನಿಕ ನಿಧಿಯ ನೆರವಿಲ್ಲ' ಎಂಬ ಷರತ್ತಿದ್ದರೆ ಕೇರರ್ಸ್ ಅಲೋವೆನ್ಸ್, ಯೂನಿವರ್ಸಲ್ ಕ್ರೆಡಿಟ್ ಎರಡೂ ಆ ನಿಷೇಧದೊಳಗೆ ಬರುತ್ತವೆ. ವಂತಿಗೆ ಆಧಾರದ ಇಎಸ್‌ಎ ಮತ್ತು ಮಾಲೀಕರು ಕೊಡುವ ಸಿಕ್ ಪೇ ಆ ನಿಷೇಧದೊಳಗೆ ಬರುವುದಿಲ್ಲ. ದುಡಿಯಲು ಅನುಮತಿ ಇದ್ದು, ವಂತಿಗೆ ಕಟ್ಟಿದವರು ಕೇಳಬಹುದು. ಆದರೆ ಆರೈಕೆಯ ಸಡಿಲಿಕೆ ಅವರಿಗೆ ಸಿಗುವುದಿಲ್ಲ, ಏಕೆಂದರೆ ಅದು ಕೇರರ್ಸ್ ಅಲೋವೆನ್ಸ್‌ಗೆ ಅಂಟಿಕೊಂಡಿದೆ. ನೌಕರಿ ಹೋದರೆ ವೀಸಾ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಅದನ್ನು ವಲಸೆ ಕಾನೂನು ಬಲ್ಲವರಲ್ಲಿ ಕೇಳಿ.

ಇನ್ನು ಮೈಸೂರಿಗೋ ಧಾರವಾಡಕ್ಕೋ ಹೋಗಿ ವರ್ಷಗಟ್ಟಲೆ ತಾಯಿಯ ಆರೈಕೆ ಮಾಡಿದವರಿಗೆ ಆ ಅವಧಿಗೆ ಕೇರರ್ಸ್ ಅಲೋವೆನ್ಸ್ ಇಲ್ಲ, ಕ್ಲಾಸ್ 1 ಕ್ರೆಡಿಟ್ಟೂ ಇಲ್ಲ. ತಾಯಿಗೆ ಬ್ರಿಟನ್ನಿನ ಅಂಗವೈಕಲ್ಯ ಭತ್ಯೆ ಬರುತ್ತಿರುವುದಿಲ್ಲವಲ್ಲ. ಭಾರತದ ಪಿಎಫ್ ವಂತಿಗೆಯೂ ಅಲ್ಲಿ ಲೆಕ್ಕಕ್ಕಿಲ್ಲ. ಕೆಲಸ ಬಿಟ್ಟು ಹೊರಡುವ ಮುನ್ನ ಇದನ್ನು ತಿಳಿದಿರುವುದು ಒಳ್ಳೆಯದು.

ತಪ್ಪು ಕಲ್ಪನೆ 8: ಹೆತ್ತವರ ಸೇವೆಗೆ ಸರ್ಕಾರದ ದುಡ್ಡು ಕೇಳುವುದು ನಾಚಿಕೆಗೇಡು

ಸತ್ಯ: ಇದು ಭಿಕ್ಷೆಯಲ್ಲ, ಹೋರಾಡಿ ಪಡೆದ ಹಕ್ಕು. 1976ರಲ್ಲಿ ಇನ್‌ವ್ಯಾಲಿಡ್ ಕೇರ್ ಅಲೋವೆನ್ಸ್ ಎಂಬ ಹೆಸರಿನಲ್ಲಿ ಕೇರರ್ಸ್ ಅಲೋವೆನ್ಸ್ ಶುರುವಾದಾಗ ವಿವಾಹಿತ ಮಹಿಳೆಯರಿಗೆ ಇರಲೇ ಇಲ್ಲ. ಹೇಗಿದ್ದರೂ ಅವರು ಮನೆಯಲ್ಲೇ ಇರುತ್ತಾರೆ ಎಂಬ ಎಣಿಕೆ. ತಾಯಿಯ ಆರೈಕೆಗಾಗಿ ನೌಕರಿ ಬಿಟ್ಟ ಜಾಕ್ವೆಲಿನ್ ಡ್ರೇಕ್ ಎಂಬಾಕೆ ಇದನ್ನು ಪ್ರಶ್ನಿಸಿದರು. ಪ್ರಕರಣ ಯುರೋಪಿನ ನ್ಯಾಯಾಲಯ ಮುಟ್ಟಿತು, 1986ರ ಜೂನ್‌ನಲ್ಲಿ ಆಕೆಯ ಪರ ತೀರ್ಪು ಬಂತು, ವಿವಾಹಿತೆಯರಿಗೂ ಭತ್ಯೆ ದಕ್ಕಿತು. ನಾಚಿಕೆಯಿಂದ ಇಂದು ಕೇಳದೆ ಬಿಡುವ ಸೊಸೆಗೆ ನಾಳೆ ತನ್ನ ಕಾಯಿಲೆಯ ಕಾಲಕ್ಕೆ ಕ್ರೆಡಿಟ್ ಇರುವುದಿಲ್ಲ.

ತಪ್ಪು ಕಲ್ಪನೆ 9: 'ಇಲ್ಲ' ಎಂದು ಕಾಗದ ಬಂದ ಮೇಲೆ ಮುಗಿಯಿತು

ಸತ್ಯ: ಮುಗಿದಿಲ್ಲ. ನಿರ್ಧಾರದ ತಾರೀಕಿನಿಂದ ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಬಹುದು, ಅಲ್ಲೂ ಆಗದಿದ್ದರೆ ಟ್ರಿಬ್ಯೂನಲ್‌ಗೆ ಮೇಲ್ಮನವಿ ಹಾಕಬಹುದು. ಕಾಗದದಲ್ಲಿ ಕಷ್ಟಸುಖ ಬರೆಯುವುದಕ್ಕಿಂತ ಮೂರು ವಿಷಯ ಖಚಿತವಾಗಿ ಬರೆಯಿರಿ: ಕೇರರ್ಸ್ ಅಲೋವೆನ್ಸ್ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಬಂತು, ಹಿಂದೆ ಯಾವ ವರ್ಷ ದುಡಿದು ವಂತಿಗೆ ಕಟ್ಟಿದ್ದೀರಿ, ಮತ್ತು 'ಆರೈಕೆ ಮಾಡಿದವರಿಗಿರುವ ಮೊದಲ ವಂತಿಗೆ ಷರತ್ತಿನ ಸಡಿಲಿಕೆಯನ್ನು ನನಗೆ ಅನ್ವಯಿಸಿ' ಎಂಬ ಸ್ಪಷ್ಟ ಬೇಡಿಕೆ. ಜೊತೆಗೆ ಭತ್ಯೆ ಮಂಜೂರಾದ ಪತ್ರದ ಪ್ರತಿ ಇರಲಿ. ನ್ಯಾಷನಲ್ ಇನ್ಶೂರೆನ್ಸ್ ದಾಖಲೆಯನ್ನು ಸರ್ಕಾರದ ಜಾಲತಾಣದಲ್ಲೇ ನೋಡಿಕೊಳ್ಳಬಹುದು, ಕ್ರೆಡಿಟ್ ಬಿಟ್ಟುಹೋಗಿದ್ದರೆ ತಿದ್ದಿಸಲೂಬಹುದು. ಸಿಟಿಜನ್ಸ್ ಅಡ್ವೈಸ್, ಕೇರರ್ಸ್ ಯುಕೆ ಸಂಸ್ಥೆಗಳು ಉಚಿತವಾಗಿ ದಾರಿ ತೋರಿಸುತ್ತವೆ.

ಅಲ್ಲಿರುವ ನಿಮ್ಮ ಅಕ್ಕನೋ ತಂಗಿಯೋ ಅತ್ತಿಗೆಯೋ ಇಂಥ ಆರೈಕೆಯಲ್ಲಿ ತೊಡಗಿದ್ದರೆ, ಮುಂದಿನ ಸಲ ಫೋನ್ ಮಾಡಿದಾಗ ಎರಡು ಮಾತು ಕೇಳಿ: ಕೇರರ್ಸ್ ಅಲೋವೆನ್ಸ್ ಅರ್ಜಿ ಹಾಕಿದ್ದೀಯಾ? ಮೈ ಹುಷಾರಿಲ್ಲದಿದ್ದರೆ ಫಿಟ್ ನೋಟ್ ತಗೊಂಡಿದ್ದೀಯಾ? ಇಲ್ಲ ಎಂದರೆ ಈ ವಾರವೇ ಮಾಡಲು ಹೇಳಿ. ಜನವರಿ ಬರುವವರೆಗೆ ಕಾಯುವುದು ಬೇಡ.