ಹಳೆಯ ಹುಲ್ಲುಗಾವಲಿಗೆ ಹೊಸ ಬೀಜ: ಉಳುಮೆಯಿಲ್ಲದ ಮೇಲುಬಿತ್ತನೆ

ಜೋಳದ ಬೀಜವನ್ನು ಆರಿಸುವಾಗ ನಾವು ತೆನೆ ತೆನೆಯನ್ನೂ ಕೈಯಲ್ಲಿ ಹಿಡಿದು ನೋಡುತ್ತೇವೆ. ಹುಲ್ಲಿನ ಮಾತು ಬಂದರೆ ಮಾತ್ರ, 'ಅದು ತಾನಾಗಿಯೇ ಬೆಳೆಯುವುದಷ್ಟೆ' ಎಂದು ಸುಮ್ಮನಿರುತ್ತೇವೆ. ಇದರ ಫಲ ಬರಗಾಲದಲ್ಲಿ ತಿಳಿಯುತ್ತದೆ. 2013ರಲ್ಲಿಯೂ 2019ರಲ್ಲಿಯೂ ಸೋಲಾಪುರ, ಸಾಂಗಲಿ ಜಿಲ್ಲೆಗಳ ರೈತರು ದನಕರುಗಳನ್ನು ಚಾರಾ ಛಾವಣಿಗಳಿಗೆ ಹೊಡೆದುಕೊಂಡು ಹೋಗಬೇಕಾಯಿತು. ಕಣಿಕೆ ಕೊಳ್ಳಲಾರದೆ ಜೋಡಿ ಎತ್ತು ಮಾರಿದವನಿಗೆ ಮುಂದಿನ ಮಳೆಗೆ ಬಿತ್ತಲು ಬಾಡಿಗೆಯ ಎತ್ತೇ ಗತಿ.

ಒಡ್ಡಿನ ಮೇಲೂ ಹೊಲದ ಮಗ್ಗುಲಿನ ಬೀಳಿನಲ್ಲೂ ಇರುವ ಹಳೆಯ ಹುಲ್ಲು ವರ್ಷ ವರ್ಷವೂ ಮೇಯ್ದು ತೆಳ್ಳಗಾಗುತ್ತದೆ. ದನಗಳು ರುಚಿಯಾದ ಹುಲ್ಲನ್ನು ತೆನೆಯಾಗುವ ಮೊದಲೇ ತಿಂದುಬಿಡುವುದರಿಂದ ಅದರ ಬೀಜ ನೆಲಕ್ಕೆ ಬೀಳುವುದಿಲ್ಲ. ದನಗಳು ಬಿಟ್ಟ ಕುಸಳಿ ಹುಲ್ಲಿನ ಬೀಜ ಮಾತ್ರ ಬೀಳುತ್ತದೆ. ಬರಿದಾದ ಜಾಗದಲ್ಲಿ ಕಾಂಗ್ರೆಸ್ ಹುಲ್ಲು ಸೇರುತ್ತದೆ. ಇಂಥ ನೆಲವನ್ನು ಉಳಬೇಕಾಗಿಲ್ಲ. ಇಳಿಜಾರಿನಲ್ಲಿ ಉತ್ತರೆ ಮಣ್ಣು ಮಳೆಯ ನೀರಿನೊಡನೆ ಹೋದೀತು. ಇದ್ದ ಹುಲ್ಲಿನ ನಡುವೆಯೇ ಒಳ್ಳೆಯ ಬೀಜ ಚೆಲ್ಲುವುದು ಉತ್ತಮ ಉಪಾಯ.

ಬೀಜದ ಆಯ್ಕೆ: ಕೆಂಪು ಮಣ್ಣು, ಮರಳು ಮಿಶ್ರಿತ ಮಣ್ಣು, ನೀರು ನಿಲ್ಲದ ಒಡ್ಡು, ಇವುಗಳಿಗೆ ಅಂಜನ ಹುಲ್ಲು ತಕ್ಕದ್ದು. ವರ್ಷಕ್ಕೆ 300ರಿಂದ 750 ಮಿಲಿಮೀಟರ್ ಮಳೆಯಾಗುವ ಸೀಮೆಯಲ್ಲಿ ಇದು ನಿಲ್ಲುತ್ತದೆ. ಒಮ್ಮೆ ಬೇರೂರಿದರೆ ಹಲವು ವರ್ಷ ಬಾಳುತ್ತದೆ. ಹೊಸೂರು, ತಾಳವಾಡಿಯ ಕಡೆಯವರು ಇದನ್ನು ಅಂಗಡಿಯಲ್ಲಿ ಕೊಳುಕ್ಕಟ್ಟೈ ಎಂದು ಕೇಳಬೇಕು. ಕಪ್ಪು ನೆಲಕ್ಕೆ ಮಾರವೇಲ್ ಲೇಸು. ಇದರ ಜೊತೆಗೆ ಬೇಳೆಯ ಜಾತಿಯ ಸ್ಟೈಲೋ ಇರಲಿ. ಅದರ ಬೇರಿನ ಗಂಟುಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ನೆಲಕ್ಕೆ ಕೊಡುತ್ತವೆ; ಮೇವಿಗೂ ಸತ್ವ ಹೆಚ್ಚುತ್ತದೆ.

ಅಂಜನದ ಬೀಜ ಕೊಳ್ಳುವಾಗ ಒಂದು ಮಾತು ನೆನಪಿರಲಿ. ಆಗತಾನೇ ಕೊಯ್ದ ಬೀಜ ನಿದ್ದೆಯಲ್ಲಿರುತ್ತದೆ, ಸರಿಯಾಗಿ ಮೊಳೆಯದು. ಆರು ತಿಂಗಳಿಂದ ಒಂದು ವರ್ಷ ಇಟ್ಟ ಬೀಜವೇ ಒಳ್ಳೆಯದು. ಮೇಲೆ ನವಿರು ಕಂಡರೂ ಒಳಗೆ ಕಾಳಿಲ್ಲದಿರಬಹುದು. ಅಂಗೈಯಲ್ಲಿ ಉಜ್ಜಿ ನೋಡಿರಿ. ನೂರು ಬೀಜಗಳನ್ನು ಎಣಿಸಿ ಒದ್ದೆಯ ಗೋಣಿತಟ್ಟಿನಲ್ಲಿ ಸುತ್ತಿಡಿರಿ. ಹತ್ತು ಹನ್ನೆರಡು ದಿನಗಳಲ್ಲಿ ಮೂವತ್ತು ಮೊಳೆತರೆ ಬಿತ್ತಬಹುದು. ಕಡಿಮೆ ಮೊಳೆತರೆ ಬೀಜದ ಪ್ರಮಾಣವನ್ನು ಹೆಚ್ಚಿಸಬೇಕು.

ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ನೀರನ್ನು ಕುದಿಸಿ ಕೆಳಗಿಳಿಸಿ, ಕುದಿ ನಿಂತು ಸ್ವಲ್ಪ ಆರಿದ ಮೇಲೆ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಮೂರು ನಾಲ್ಕು ನಿಮಿಷ ಅದ್ದಿ ತೆಗೆಯಿರಿ. ಕೂಡಲೇ ತಣ್ಣೀರಿಗೆ ಹಾಕಿ, ನೆರಳಿನಲ್ಲಿ ಆರಿಸಿರಿ.

ಬಿತ್ತುವ ಕ್ರಮ: ಬೇಸಿಗೆಯ ಕೊನೆಗೆ ಹಳೆಯ ಹುಲ್ಲನ್ನು ಗಿಡ್ಡಗೆ ಕೊಯ್ಯಿರಿ. ಜಾಲಿಯ ಮುಳ್ಳುಕೊಂಬೆಯನ್ನು ಎಳೆದು ನೆಲವನ್ನು ಕೆದರಿರಿ. ಎಕರೆಗೆ ಎರಡು ಕಿಲೋ ಅಂಜನ, ಒಂದು ಕಿಲೋ ಸ್ಟೈಲೋ ಸಾಕು. ಅಂದರೆ ಹತ್ತು ಗುಂಟೆಗೆ ಅರ್ಧ ಕಿಲೋ ಮತ್ತು ಕಾಲು ಕಿಲೋ. ಅಂಜನದ ಬೀಜ ಹಗುರ, ಗಾಳಿಗೆ ಹಾರುತ್ತದೆ. ಆದುದರಿಂದ ನಾಲ್ಕೈದು ಪಟ್ಟು ಒದ್ದೆ ಮಣ್ಣಿನಲ್ಲಿ ಕಲಸಿ, ಅರ್ಧವನ್ನು ಉದ್ದಕ್ಕೂ ಉಳಿದರ್ಧವನ್ನು ಅಡ್ಡಲಾಗಿಯೂ ಚೆಲ್ಲಿರಿ. ಇರುವೆಯ ಕಾಟವಿದ್ದಲ್ಲಿ ಜೇಡಿಮಣ್ಣು, ಸಗಣಿಯಲ್ಲಿ ಬೀಜ ಕಲಸಿ ಸಣ್ಣ ಉಂಡೆ ಕಟ್ಟಿದರೆ ಬೀಜ ಉಳಿಯುತ್ತದೆ.

ಮಿರಗದ ಮೊದಲ ಹದಮಳೆಯ ಹೊತ್ತೇ ಇದಕ್ಕೆ ಕಾಲ. ಬೀಜ ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಹೋಗಬಾರದು. ಚೆಲ್ಲಿದ ಮೇಲೆ ಮತ್ತೊಮ್ಮೆ ಮುಳ್ಳು ಎಳೆದು, ಕುರಿಮಂದೆಯನ್ನು ಒಂದು ಸಲ ದಾಟಿಸಿದರೆ ಬೀಜ ಮಣ್ಣಿಗೆ ಅಂಟಿಕೊಳ್ಳುತ್ತದೆ. ಗೊಬ್ಬರ ಹಾಕುವವರು ಚೆನ್ನಾಗಿ ಕೊಳೆತದ್ದನ್ನೇ ಹಾಕತಕ್ಕದ್ದು. ಹಸಿ ಗೊಬ್ಬರದಲ್ಲಿ ಕಳೆಯ ಬೀಜವೂ ಬರುತ್ತದೆ.

ಇಷ್ಟೆಲ್ಲ ಮಾಡಿಯೂ ಮುಂದಿನ ಒಂದು ಕೆಲಸ ತಪ್ಪಿದರೆ ಶ್ರಮವೆಲ್ಲ ವ್ಯರ್ಥ. ಮೊದಲ ಮಳೆಗಾಲ ಪೂರ್ತಿ ಅಲ್ಲಿಗೆ ದನ, ಆಡು, ಕುರಿ ಬಿಡಕೂಡದು. ಎಳೆಯ ಸಸಿಯ ಬೇರು ಹಿಡಿದಿರುವುದಿಲ್ಲ. ದನ ಬಾಯಿ ಹಾಕಿದರೆ ಬುಡಸಮೇತ ಬರುತ್ತದೆ. ಕುಸಳಿ ತೆನೆ ಬಿಡುವ ಮೊದಲೇ ಅದನ್ನು ಕೈಯಿಂದ ಕೊಯ್ದು ತೆಗೆಯಿರಿ. ಅಂಜನ ಹಣ್ಣಾಗಿ ಬೀಜ ಉದುರಿದ ಮೇಲೆ, ನೆಲದಿಂದ ನಾಲ್ಕು ಅಂಗುಲ ಬಿಟ್ಟು ಕೊಯ್ಯಿರಿ. ಉದುರಿದ ಬೀಜ ಮರುವರ್ಷದ ಬಿತ್ತನೆಯನ್ನು ತಾನೇ ಮಾಡುತ್ತದೆ. ಎರಡನೆಯ ವರ್ಷದಿಂದ ಹೂ ಬರುವ ಹೊತ್ತಿಗೆ ಕೊಯ್ದು ಒಣಗಿಸಿ ಬಣವೆ ಹಾಕಬಹುದು.

ಊರ ಗಾಯರಾಣದಲ್ಲಿ ಇದನ್ನು ಮಾಡುವವರು ಮೊದಲು ಗ್ರಾಮಪಂಚಾಯಿತಿಯ ಒಪ್ಪಿಗೆ ಪಡೆಯಬೇಕು, ದನಗಾಹಿಗಳನ್ನೂ ಕೂಡಿಸಿಕೊಳ್ಳಬೇಕು. ಇಡೀ ಗಾಯರಾಣವನ್ನು ಒಮ್ಮೆಲೇ ಮುಚ್ಚಿದರೆ ಬಡವನ ಆಡಿಗೆ ಜಾಗವಿರದು. ನಾಲ್ಕು ಪಾಲು ಮಾಡಿ ವರ್ಷಕ್ಕೊಂದನ್ನು ಬಿತ್ತಿ ಕಾಯುವುದು ನ್ಯಾಯ. ಸ್ವಂತ ಒಡ್ಡು ಉಳ್ಳವರು ಈ ಮಿರಗಕ್ಕೆ ಹತ್ತು ಗುಂಟೆಯಿಂದಲೇ ಆರಂಭಿಸಲಿ.